ಎದುರಿನ ಫುಟ್‌ಪಾತ್

ಮಾರ್ಚ್ ೧೧, ಮಂಗಳವಾರ

ಅಬ್ಬಾ, ಮುಗಿಯಿತು. ಯುದ್ಧ ಶುರುವಾದಾಗ ಅಜ್ಜ ಶತ್ರುದೇಶದವನೆಂದು ಸರ್ಕಾರ ಅವನ ಗಡಿಯಾರದಂಗಡಿಗೆ ಬೀಗ ಜಡಿದಿತ್ತು. ಇವತ್ತು ಕೋರ್ಟು ಅದನ್ನು ನಮಗೆ ಮರಳಿಸಿತು. ಸರ್ಕಾರಿ ವಕೀಲರು ಮತ್ತೆ ವಾಯಿದೆ ಕೇಳುತ್ತಾರೇನೋ ಎಂದು ಜೀವ ಬಾಯಿಗೆ ಬಂದಿತ್ತು. ಪುಣ್ಯಕ್ಕೆ ಕೇಳಲಿಲ್ಲ.

"ನಮ್ಮದಾಗೋವರೆಗೂ ಅದರ ಮುಂದೆ ಓಡಾಡಬೇಡಿ, ಹೊಟ್ಟೆ ಉರಿಯುತ್ತೆ," ಎನ್ನುತ್ತಿದ್ದಳು ಅಜ್ಜಿ. ಹಾಗಾಗಿ ಆ ಬೀದಿಯಲ್ಲಿ ಮನೆಮಂದಿಯೆಲ್ಲ ಎದುರಿನ ಫುಟ್‌ಪಾತ್‌ನಲ್ಲೇ ನಡೆದವರು.

ಸಂಜೆ ಬೀಗ ರಿಪೇರಿಯವನನ್ನು ಕರೆದುಕೊಂಡು ಹೋದೆವು. ಅವನು ಬಾಗಿಲ ಬಳಿ ಕುಕ್ಕರಗಾಲಲ್ಲಿ ಕುಳಿತು, ತಿರುಗಿ ನೋಡಿ ಕೂಗಿದ: "ಅಮ್ಮಾ, ಅಂಗಡಿ ಈ ಕಡೆ ಇದೆ!"

ನಾನು, ಅಣ್ಣ, ಸೋದರತ್ತೆ ಮೂವರೂ ಎದುರುಗಡೆ ಸಾಲಾಗಿ ನಿಂತಿದ್ದೆವು! ಅತ್ತೆ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ಆಮೇಲೆ ನನ್ನ ಕೈ ಹಿಡಿದು, "ಕೋರ್ಟಿನ ಆದೇಶ ನಮ್ಮ ಕಾಲಿಗಿನ್ನೂ ಮುಟ್ಟಿಲ್ಲ ಕಣೇ. ಬಾ, ದಾಟೋಣ," ಎಂದರು.