ಕದ್ದ ಜ್ವರ

ಗುರುವಾರ, ಮಾರ್ಚ್ ೧೪
ಸಮ್ಮೇಳನ ಭವನದ ಹಿಂಬದಿ ಮೆಟ್ಟಿಲಿಂದ

ಪ್ರೀತಿಯ ಅಮ್ಮಾ,

ಗಂಟಲು ಹೇಗಿದೆ? ಡಾಕ್ಟರು ಇನ್ನೂ ಹದಿನೈದು ದಿನ ಮಾತು ಬೇಡ ಅಂದಿದ್ದರೂ ನೀನು ಮೊಮ್ಮಗಳ ಹತ್ತಿರ ಪಿಸುಗುಟ್ಟುತ್ತೀಯಂತೆ, ಅಣ್ಣ ಚಾಡಿ ಹೇಳಿದ. ಪಿಸುಮಾತೂ ಮಾತೇ ಅಮ್ಮ. ಸುಮ್ಮನಿದ್ದು ಇದನ್ನು ಓದು.

ಮಕ್ಕಳ ಪ್ರಸಾರದ ಅಂತರರಾಷ್ಟ್ರೀಯ ಸಮ್ಮೇಳನಕ್ಕೆ ಅನುವಾದಕಿಯಾಗಿ ಹೋಗುತ್ತೇನೆ ಅಂದಿದ್ದೆನಲ್ಲ. ಸಭಾಂಗಣದ ಹಿಂದೆ ಒಂದು ಗಾಜಿನ ಗೂಡು. ಅದರಲ್ಲಿ ನಾನು, ಮೈಕು, ಒಂದು ಲೋಟ ನೀರು. ವೇದಿಕೆಯ ಮೇಲೆ ನಮ್ಮ ಭಾಷೆಯಲ್ಲಿ ಆಡಿದ್ದನ್ನು ಹೊರದೇಶದವರ ಹೆಡ್‌ಫೋನಿಗೆ ಅವರ ಭಾಷೆಯಲ್ಲಿ ಹಾಕಬೇಕು. ಅಲ್ಲಿಯವರು 'ನಾನು' ಅಂದರೆ ನಾನೂ 'ನಾನು' ಅನ್ನಬೇಕು, ಅದು ಈ ಕಸುಬಿನ ನೇಮ. ಕಾರ್ಟೂನಿನಲ್ಲಿ ಎಷ್ಟು ಹೊಡೆದಾಟ ಇರಬಹುದು ಅಂತ ಎರಡು ದಿನ ದೊಡ್ಡವರೇ ಹೊಡೆದಾಡಿಕೊಂಡರು. ಇಡೀ ಭವನದಲ್ಲಿ ಮಗು ಅಂತ ಒಂದೂ ಇರಲಿಲ್ಲ.

ಇವತ್ತು ಬೆಳಗ್ಗೆ ಜೀವಮಾನದ ಗೌರವಕ್ಕೆ ವೇದಿಕೆ ಹತ್ತಿದ್ದು ಯಾರು ಗೊತ್ತೆ? ನಿಮ್ಮ ರೇಡಿಯೋದ ಜೇನುಬಾಯಿ ಸಾಹೇಬ. ಹದಿನಾಲ್ಕು ವರ್ಷ ನೀನೇ ಬರೆದು, ನೀನೇ ದನಿ ಕೊಟ್ಟ ಮಕ್ಕಳ ಕಾರ್ಯಕ್ರಮ ಗುಬ್ಬಜ್ಜಿಯನ್ನು ತನ್ನ ಹೆಸರಿಗೆ ಮಾಡಿಕೊಂಡು, ದನಿಗೆ ವಯಸ್ಸಾಯಿತು ಅಂತ ನಿನ್ನನ್ನು ಮನೆಗೆ ಕಳಿಸಿದನಲ್ಲ, ಅದೇ ಮಹಾನುಭಾವ. ಕೂದಲು ಹಣ್ಣಾಗಿದೆ, ನಾಲಿಗೆಯ ಜೇನು ಹಾಗೇ ಇದೆ. ಹಲ್ಲು ಕಚ್ಚಿ ಅನುವಾದಿಸುತ್ತಾ ಹೋದೆ. ಆಮೇಲೆ ಆತ ಗುಬ್ಬಜ್ಜಿ ಹುಟ್ಟಿದ ಕಥೆ ಎತ್ತಿಕೊಂಡ. ತನ್ನ ಮಗಳಿಗೆ ಐದು ದಿನ ಬಿಡದ ಜ್ವರವಂತೆ, ಔಷಧಿ ಕುಡಿಯಲೊಲ್ಲಳಂತೆ, ಚಮಚವನ್ನೇ ಕೊಕ್ಕು ಮಾಡಿ ಗುಬ್ಬಿ ದನಿಯಲ್ಲಿ ಮಾತಾಡಿಸಿದನಂತೆ. ಅಮ್ಮಾ, ಆ ಜ್ವರ ನನ್ನದು. ಚಮಚ ಇದ್ದದ್ದು ನಿನ್ನ ಕೈಯಲ್ಲಿ. ಕಾರ್ಯಕ್ರಮ ಕದ್ದದ್ದು ಸಾಲದೆ ನನ್ನ ಜ್ವರವನ್ನೂ ಕದ್ದು, ಅದನ್ನು ನನ್ನ ಬಾಯಿಂದಲೇ ಹೇಳಿಸುತ್ತಿದ್ದ.

ನಿಲ್ಲಿಸಿಬಿಟ್ಟೆ. ಕಿವಿಯಲ್ಲಿ ಸದ್ದಡಗಿತೆಂದು ನೂರಾರು ತಲೆಗಳು ಗೂಡಿನತ್ತ ತಿರುಗಿದವು. ಅವರ ಭಾಷೆಯಲ್ಲಿ ನಿಧಾನವಾಗಿ ಹೇಳಿದೆ: "ಇದು ಅನುವಾದಕಿಯ ಮಾತು. ಜ್ವರ ಬಂದ ಮಗು ನಾನು. ಗುಬ್ಬಜ್ಜಿ ನನ್ನ ಅಮ್ಮನದು. ಅಮ್ಮನ ಕೈಬರಹದ ಹಾಳೆಗಳು ನನ್ನ ಹತ್ತಿರ ಇವೆ." ಆಮೇಲೆ ಏನೂ ಆಗಿಲ್ಲವೆಂಬಂತೆ ಭಾಷಣ ಮುಂದುವರಿಸಿದೆ. ಆತನ ಕಿವಿಯಲ್ಲಿ ಹೆಡ್‌ಫೋನ್ ಇರಲಿಲ್ಲ ನೋಡು. ನಗುನಗುತ್ತಾ ಇನ್ನೂ ಹತ್ತು ನಿಮಿಷ ತನ್ನ ಗುಂಡಿ ತಾನೇ ತೋಡಿಕೊಂಡ. ಒಂದಕ್ಷರ ಬಿಡದೆ ದಾಟಿಸಿದೆ. ಅಷ್ಟು ಅಚ್ಚುಕಟ್ಟಾಗಿ ಯಾವತ್ತೂ ಕೆಲಸ ಮಾಡಿಲ್ಲ.

ಭಾಷಣ ಮುಗಿದ ಮೇಲೆ ಅಧ್ಯಕ್ಷೆ, ಹೊರದೇಶದ ಮುದುಕಿ, ಆತನಿಗೆ ಹೆಡ್‌ಫೋನ್ ಹಾಕಿಕೊಳ್ಳಲು ಸನ್ನೆ ಮಾಡಿ ಪ್ರಶ್ನೆ ಕೇಳಿದರು. ಅದನ್ನು ಆತನ ಕಿವಿಗೆ ಮುಟ್ಟಿಸುವ ಭಾಗ್ಯವೂ ನನ್ನದೇ.

"ಬರೆದವರು ಯಾರು?" ಅಂದೆ.

ನನ್ನದು ನಿನ್ನದೇ ದನಿಯಲ್ಲವೆ? ಬೆಚ್ಚಿಬಿದ್ದು ಗಾಜಿನತ್ತ ನೋಡಿದ. "ನಮ್ಮ ತಂಡ" ಅಂದ. ತಂಡದಲ್ಲಿ ಯಾರು ಅಂತ ಅವರು ಕೇಳಿದರು, ನಾನೂ ಕೇಳಿದೆ. ಹೆಡ್‌ಫೋನ್ ಕಳಚಿಟ್ಟ. ಗೌರವದ ಫಲಕ ಮೇಜಿನ ಮೇಲೇ ಉಳಿಯಿತು.

ಸಮ್ಮೇಳನದವರು ಕೊರಳಿನ ಗುರುತುಚೀಟಿ ಕಿತ್ತುಕೊಂಡು ನನ್ನನ್ನು ಹೊರಗೆ ಕಳಿಸಿದರು, ಇನ್ನೆಂದೂ ಕರೆಯುವುದಿಲ್ಲವಂತೆ. ನೇಮ ಮುರಿದವಳು ನಾನೇ, ಅವರ ತಪ್ಪಿಲ್ಲ. ಆದರೂ ಹೊಟ್ಟೆ ತಣ್ಣಗಿದೆ.

ಅಣ್ಣ ಅತ್ತಿಗೆಯರನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಕೆನ್ನೆಗೆ ನನ್ನ ಪಾಲಿನದೊಂದು ಮುತ್ತು.

ನಿನ್ನ ಕಿರಿಮಗಳು

ತಾ.ಕ.: ಬಸ್ಸು ಬಂತು, ಬೇಗ ಬೇಗ ಬರೆಯುತ್ತಿದ್ದೇನೆ. ಗುಬ್ಬಜ್ಜಿ ತನ್ನದೇ ಅನ್ನುವುದಕ್ಕೆ ಆತ ನಿನ್ನ ಒಪ್ಪಿಗೆಪತ್ರ ತಂದರೆ ಗೌರವ ಆತನಿಗೇ ಅಂತ ಸಮಿತಿಯವರು ಎರಡು ವಾರ ಕೊಟ್ಟಿದ್ದಾರೆ. ಈಗಷ್ಟೇ ಆತ ಬಾಗಿಲಲ್ಲಿ ನನ್ನನ್ನು ತಡೆದು, "ನಿಮ್ಮಮ್ಮ ನಿನ್ನ ಹಾಗಲ್ಲ, ಸಹಿ ಹಾಕ್ತಾರೆ" ಅಂದ. ಮುಂದಿನ ಭಾನುವಾರ ನಿನ್ನಲ್ಲಿಗೆ ಬರುತ್ತಾನೆ. ಅಳುತ್ತಾನೆ. ನಿನ್ನ ಕರುಳು ನನಗೆ ಗೊತ್ತು. ಕೂರಿಸು, ಕಾಫಿ ಕೊಡು, ಬೇಕಾದರೆ ಕ್ಷಮಿಸು. ಸಹಿ ಮಾತ್ರ ಹಾಕಬೇಡ.