ಹುಣಸೆಮರದ ಬಾವಲಿಗಳು

ಮುರುಮ
೨೩ ಮೇ ೨೦೨೪

ಪ್ರೀತಿಯ ತ್ರಿವೇಣಿಗೆ ಅವ್ವನ ಆಶೀರ್ವಾದ.

ಹೇಗಿದ್ದೀ ಮಗಳೇ? ಉದಗೀರಿನ ನಿಮ್ಮ ಆಸ್ಪತ್ರೆಯಲ್ಲಿ ಬಿಸಿಲು ಬಡಿದವರಿಗೆ ಹಾಸಿಗೆ ಸಾಲುತ್ತಿಲ್ಲವೆಂದು ನಮ್ಮ ಓಣಿಯ ಮನೀಷಾ ಹೇಳಿದಳು. ಎಲ್ಲರಿಗೂ ನೀರು ಕುಡಿಸುವ ನರ್ಸಮ್ಮ ತಾನು ಕುಡಿಯುತ್ತಾಳೋ ಇಲ್ಲವೋ ಎಂಬುದೇ ನನ್ನ ಚಿಂತೆ. ನಿಮ್ಮ ಅಪ್ಪ ಆರಾಮ ಇದ್ದಾರೆ. ಹೊತ್ತೇರಿದರೆ ಬರಿಗಾಲಲ್ಲಿ ಓಣಿ ದಾಟಲಾಗದೆಂದು ಮನೆಮನೆಯ ಪೂಜೆಗೆ ಈಗ ನಸುಕಿನಲ್ಲೇ ಹೊರಡುತ್ತಾರೆ.

ನಮ್ಮ ಹಿತ್ತಲಿನ ಬಾವಲಿಗಳಿಗೆ ಕೆಟ್ಟ ಕಾಲ ಬಂದಿದೆ. ಈ ವರ್ಷ ಶಿವರಾತ್ರಿಗೇ ಬೇಸಿಗೆ ಕಾಲಿಟ್ಟಿತು. ನಡುವೆ ಆಲಿಕಲ್ಲು ಬಿದ್ದು ಹುಣಸೆಮರದ ಎಲೆಯೆಲ್ಲ ಉದುರಿತು, ನೆರಳೂ ಹೋಯಿತು. ಸೋಮವಾರ ಮಧ್ಯಾಹ್ನ ಅವು ರೆಕ್ಕೆ ಬೀಸಿಕೊಳ್ಳುತ್ತ, ಮೈ ನೆಕ್ಕಿಕೊಳ್ಳುತ್ತ, ಒಂದರ ಮೇಲೊಂದು ಬೊಡ್ಡೆಯ ಕಡೆಗೆ ಇಳಿದವು. ಆಮೇಲೆ ಬೀಳತೊಡಗಿದವು. ಸತ್ತ ತಾಯಿಯ ಎದೆಗೆ ಅಂಟಿಕೊಂಡ ಮರಿಯೊಂದು ಇನ್ನೂ ಹಾಲು ಹುಡುಕುತ್ತಿತ್ತು.

ಕೊಡದಲ್ಲಿದ್ದ ನೀರನ್ನೇ ಎತ್ತಿ ಬೊಡ್ಡೆಗೆ ಎರಚಿದೆ. ಟ್ಯಾಂಕರ್ ಬಂದು ವಾರವಾಗಿತ್ತು. ನಿಮ್ಮ ಅಪ್ಪ ಬಾಗಿಲಲ್ಲಿ ನಿಂತು, “ಮನಿಗಿ ಕುಡಿಲಾಕ ನೀರಿಲ್ಲ, ನೀ ಬಾವಲಿಗಿ ಅಭಿಷೇಕ ಮಾಡ್ತಿ ಏನ ಗಿರಿಜಾ?” ಎಂದರು. ನಾನು ಆ ಮರಿಯನ್ನು ತೋರಿಸಿದೆ. ನೋಡಿದರು, ಒಳಗೆ ಹೋಗಿ ತಮ್ಮ ಸ್ನಾನದ ಬಕೆಟ್ಟು ತಂದಿಟ್ಟರು. ಇಬ್ಬರೂ ಗೋಣಿಚೀಲ ತೋಯಿಸಿ ಕೆಳಗಿನ ಕೊಂಬೆಗಳಿಗೆ ಕಟ್ಟಿದೆವು. ಮರುದಿನ ಬೆಳೆಗೆ ಔಷಧ ಹೊಡೆಯುವಂಥ ಹೊಸ ಪಂಪೊಂದನ್ನು ತಂದು ಅವರೇ ನೀರು ಹೊಡೆದರು.

ಪಕ್ಕದ ಕಾಳಿನ ವ್ಯಾಪಾರಿ ಓಂಪ್ರಕಾಶ ನಾಲ್ಕು ಜನರನ್ನು ಕರೆದುಕೊಂಡು ಬಂದ. “ಸ್ವಾಮೇರ, ಇವು ರೋಗ ತರ್ತಾವರೀ. ಗಿಡಾ ಕಡಿಸ್ರಿ, ಖರ್ಚು ನಂದು,” ಎಂದ. ನಿಮ್ಮ ಅಪ್ಪ ಸಿಟ್ಟಾಗಲಿಲ್ಲ. “ಹಳ್ಳದ ದಂಡಿಗಿ ಅಷ್ಟು ಅತ್ತಿಗಿಡ ಯಾರು ಹಚ್ಯಾರಪ್ಪಾ? ನೀ ಹಚ್ಚಿಲ್ಲ, ನಾ ಹಚ್ಚಿಲ್ಲ. ಇವೇ ಹಣ್ಣು ತಿಂದು ಬೀಜಾ ಚೆಲ್ಯಾವ,” ಎಂದರು. ಓಂಪ್ರಕಾಶ ಮಳೆಗಾಲದ ತನಕ ಬಿಡಲು ಒಪ್ಪಿದ, ಆದರೆ ಹೋಗುವಾಗ, “ಯಾರಿಗರೆ ಕಚ್ಚಿದ್ರ ಮಾತ್ರ ಅವತ್ತೇ ಕೊಡ್ಲಿ ತರ್ತೀನ್ರಿ,” ಎಂದು ಹೇಳಿಯೇ ಹೋದ.

ನಿನ್ನೆಯಿಂದ ಅರ್ಧದಷ್ಟು ಬಾವಲಿಗಳು ಬಿಸಿಲೇರುವ ಮೊದಲೇ ಹಳ್ಳದ ಅತ್ತಿಗಿಡಗಳಿಗೆ ಹೋಗಿ ಜೋತುಬೀಳುತ್ತಿವೆ. ಅಲ್ಲಿ ಮಣ್ಣು ಇನ್ನೂ ತುಸು ತಂಪಾಗಿದೆ. ಅವಕ್ಕೆ ಯಾರು ಹೇಳಿಕೊಟ್ಟರೋ! ಉಳಿದವು ಗೋಣಿಚೀಲದ ಹತ್ತಿರವೇ ತೂಗುತ್ತವೆ. ಸತ್ತವನ್ನು ಅಪ್ಪ ಆಳವಾಗಿ ಗುಂಡಿ ತೋಡಿ ಹೂತರು, ವಿಭೂತಿ ಹಾಕಿದರು. ಆ ಮರಿ ಬದುಕಲಿಲ್ಲ.

ಹೊತ್ತಿಗೆ ಸರಿಯಾಗಿ ಊಟ ಮಾಡು. ಬಸವಣ್ಣ ನಿನ್ನನ್ನು ತಂಪಾಗಿಡಲಿ.

ನಿನ್ನ ಅವ್ವ,
ಗಿರಿಜಾಬಾಯಿ

ತಾ.ಕ.: ಫೋನಿನಲ್ಲಿ ಹೇಳಿದರೆ ನಿಮ್ಮ ಅಪ್ಪನಿಗೆ ಕೇಳಿಸುತ್ತದೆಂದು ಇದನ್ನು ಇವತ್ತೇ ಉದಗೀರಿಗೆ ಹೊರಟಿರುವ ಮನೀಷಾಳ ಕೈಯಲ್ಲಿ ಕಳಿಸುತ್ತಿದ್ದೇನೆ. ಸೋಮವಾರ ಸಂಜೆ ಆ ಮರಿಯನ್ನು ತಾಯಿಯಿಂದ ಬಿಡಿಸುವಾಗ ಅದು ನನ್ನ ಬೆರಳಿಗೆ ಕಚ್ಚಿತು. ಸಾಬೂನು ಹಚ್ಚಿ ತೊಳೆದಿದ್ದೇನೆ. ಇದಕ್ಕೂ ನಾಯಿ ಕಚ್ಚಿದಾಗಿನ ಸೂಜಿಯೇ ಬೇಕಲ್ಲವೇ? ಇಲ್ಲೇ ಹತ್ತಿರದ ಉಮರ್ಗಾದಲ್ಲಿ ಹಾಕಿಸಿಕೊಂಡರೆ ಸಂಜೆಯೊಳಗೆ ಓಂಪ್ರಕಾಶನಿಗೆ ಗೊತ್ತಾಗುತ್ತದೆ. ನಾಳೆ ಮೊದಲ ಬಸ್ಸಿಗೆ ಉದಗೀರಿಗೇ ಬರುತ್ತೇನೆ, ಸ್ಟ್ಯಾಂಡಿನಲ್ಲಿ ನಿಂತಿರು. ಅಪ್ಪನಿಗೆ ಏನು ಹೇಳಬೇಕೋ ತಿಳಿಯುತ್ತಿಲ್ಲ. ಓಂಪ್ರಕಾಶ ಕೇಳಿದರೆ ಅವರು ಸುಳ್ಳಾಡುವವರಲ್ಲ.