ಕೈ ಹೇಳಿದ ತೂಕ

ಉಮರ್ಗಾ,
೬ ಜನವರಿ ೨೦೨೫

ಪ್ರೀತಿಯ ತುಳಜಕ್ಕನಿಗೆ ತಮ್ಮ ಕಲ್ಯಾಣಪ್ಪನ ಶರಣು.

ನಿನ್ನ ಮೊಣಕಾಲು ಹೇಗಿದೆ? ಉದಗೀರದಲ್ಲಿ ಈ ಸಲ ಚಳಿ ಜಾಸ್ತಿಯಂತೆ. ಎಳ್ಳೆಣ್ಣೆ ಬಿಸಿ ಮಾಡಿ ತಿಕ್ಕಿಸಿಕೋ, ಸೊಸೆ ಸಪ್ನಾಳಿಗೆ ಹೇಳಲು ಸಂಕೋಚ ಬೇಡ. ಫೋನಿನಲ್ಲಿ ನನ್ನ ದನಿ ಕೇಳಿದೊಡನೆ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಹರಿಯುವುದಕ್ಕಾದರೂ ಇದನ್ನು ಒಮ್ಮೆ ಕೈಯಲ್ಲಿ ಹಿಡಿಯಬೇಕು, ಆಗ ಒಂದೆರಡು ಸಾಲು ಕಣ್ಣಿಗೆ ಬಿದ್ದೇ ಬೀಳುತ್ತವೆ. ನೀನು ನನ್ನ ಹೊಸ್ತಿಲು ತುಳಿಯದೆ ಮೂವತ್ತೊಂದು ವರ್ಷವಾಯಿತು. ನಾಲ್ಕು ವರ್ಷದ ಹಿಂದೆ ಪ್ರಯಾಗಾ ತೀರಿಕೊಂಡು ನಾನು ಹೆಂಡತಿಯಿಲ್ಲದವನಾದಾಗಲೂ ಹೊರಗೆ ಬೇವಿನ ಗಿಡದ ಕೆಳಗೇ ನಿಂತು ಅತ್ತು ಹೋದೆ.

ನಮ್ಮ ಯೋಗಿತಾ ಚೊಚ್ಚಲ ಹೆರಿಗೆಗೆ ನಿಲಂಗಾದಿಂದ ಬಂದಿದ್ದಾಳೆ. ತಾಯಿಯಿಲ್ಲದ ತವರು, ಇರುವವನು ನಾನೊಬ್ಬ. ಏಳನೆಯ ತಿಂಗಳಲ್ಲಿ ಡಾಕ್ಟರ್ ಮನೀಷಾ ಗ್ಲೂಕೋಸ್ ನೀರು ಕುಡಿಸಿ ರಕ್ತ ನೋಡಿ, ಸಕ್ಕರೆ ಏರಿದೆ ಎಂದರು. ನಮ್ಮ ವಂಶದಲ್ಲೇ ಇಲ್ಲದ್ದು ಎಂದು ನಾನು ವಾದಕ್ಕೆ ನಿಂತೆ. ಅವರು ಭಾಲ್ಕಿ ಕಡೆಯವರು, ನಮ್ಮ ಮಾತಿನಲ್ಲೇ ತಿಳಿಸಿದರು: "ಇದು ಬಸಿರಿನಾಗ ಬರೋ ಸಕ್ರಿ ಕಾಕಾ. ತಾಯಿ ರಕ್ತದಾಗಿಂದು ಕೂಸಿಗಿ ಹೋಗ್ತದ. ಕೂಸು ಹೆಗಲು, ಹೊಟ್ಟಿ ಕಡಿ ದಪ್ಪ ಆಗ್ತದ." ಆಗ ಕೂಸಿನ ತೂಕದ ಗೆರೆ ಕಾಗದದ ಮೇಲೆ ತೊಗರಿ ದರದ ಹಾಗೆ ಏರುತ್ತಿತ್ತು. ಅಂದಿನಿಂದ ನಾನೇ ಅಡುಗೆಯವ. ಹೊತ್ತಿಗೆ ಒಂದೂವರೆ ಜೋಳದ ರೊಟ್ಟಿ, ಪಲ್ಯ, ಬೇಳೆ. ಉಂಡ ಮೇಲೆ ಅಂಗಳದಲ್ಲಿ ಇಪ್ಪತ್ತು ನಿಮಿಷ ನಡಿಗೆ. ಬೆಳಿಗ್ಗೆ ಸಂಜೆ ಇನ್ಸುಲಿನ್, ಚುಚ್ಚುವವನೂ ನಾನೇ. ಡಿಸಿಪ್ಲಿನ್ ಈಸ್ ದಿ ಮದರ್ ಆಫ್ ಅಂತ ಕಾಲೇಜಿನಲ್ಲಿ ಕಲಿಸಿದ್ದರು, ಯಾವುದರ ಮದರೋ ಮರೆತಿದೆ. ಎಳ್ಳಮಾಸಿಯ ಹೊಲದೂಟಕ್ಕೆ ದಾಳಿಂಬ ಊರಿನ ನಮ್ಮ ಹೊಲಕ್ಕೆ ಹೋದಾಗ ಪಕ್ಕದ ಮನೆಯ ಭಾಗೀರಥಿಬಾಯಿ ಯೋಗಿತಾಳ ತಾಟಿಗೆ ಶೇಂಗಾ ಹೋಳಿಗೆ ಹಾಕಲು ಬಂದಳು, ನಾನು ಕೈ ಅಡ್ಡ ಹಿಡಿದೆ. "ಏ ಕಲ್ಯಾಣಪ್ಪ, ನೀ ಅಪ್ಪನೋ ಜೇಲರನೋ? ಎರಡು ಜೀವದಾಕಿಗಿ ಒಂದು ಹೋಳಗಿ ಇಲ್ಲಂತಿ!" ಎಂದು ಸುತ್ತಲಿನ ನಾಲ್ಕು ಹೊಲಕ್ಕೂ ಕೇಳುವಂತೆ ಬೈದಳು. ಯೋಗಿತಾ ನಕ್ಕು, "ಬೈಬ್ಯಾಡ್ರಿ ಕಾಕೂ, ನನ್ನ ಸಲುವಾಗಿ ಅಪ್ಪಾನೂ ಎರಡು ತಿಂಗಳಿಂದ ಸಿಹಿ ಮುಟ್ಟಿಲ್ಲ" ಎಂದಳು. ಆ ಮುದುಕಿ ತಿರುಗಿ ಹೋಗಿ ಇಬ್ಬರಿಗೂ ಕಾಳು-ಸೊಪ್ಪಿನ ಭಜ್ಜಿ ತಂದು ಸುರಿದಳು.

ಮೊನ್ನೆ ಶನಿವಾರ ಮೂವತ್ತಾರನೆಯ ವಾರದ ಸ್ಕ್ಯಾನ್. ಡಾಕ್ಟರ್ ಕೂಸಿನ ತಲೆ, ಹೊಟ್ಟೆ, ತೊಡೆಯ ಎಲುಬು ಅಳೆದು, ಯೋಗಿತಾ ಬರೆದಿಟ್ಟ ಸಕ್ಕರೆಯ ಚೀಟಿಯನ್ನೂ ನೋಡಿ, ಈಗ ಎರಡು ಕಿಲೋ ಒಂಬೈನೂರು, ಹುಟ್ಟುವಾಗ ಮೂರೂವರೆಯ ಆಸುಪಾಸು ಎಂದರು. "ಗೆರೆ ಹಾದಿಗಿ ಬಂದದ ಕಾಕಾ. ಜೇಲರ ನೌಕರಿ ಛಲೋ ಮಾಡೀರಿ." ಹೋಳಿಗೆಯ ಕಥೆಯನ್ನು ಯೋಗಿತಾ ಅವರಿಗೆ ಹೇಳಿಬಿಟ್ಟಿದ್ದಳು. ಯಂತ್ರ ಖರೇ ಹೇಳುತ್ತದೆಯೇ ಎಂದು ಕೇಳಿದೆ. ಅಂದಾಜು ಅಷ್ಟೇ, ಮೂರು ನಾಲ್ಕುನೂರು ಗ್ರಾಂ ಆಚೀಚೆ ಆದೀತು, ಸಕ್ಕರೆಯಿದ್ದ ತಾಯಂದಿರಲ್ಲಿ ಇನ್ನೂ ತಪ್ಪೀತು, ಅದಕ್ಕೇ ತಯಾರಾಗಿರಬೇಕು ಎಂದರು. ಎಸ್ಟಿಮೇಟ್ ಈಸ್ ಎಸ್ಟಿಮೇಟ್. ಅಡತಿ ಅಂಗಡಿಯಲ್ಲಿ ಮೂವತ್ತು ವರ್ಷ ರೈತರ ಕಾಳುಕಡಿ ತೂಕ ಮಾಡಿದ ನಾನು ಚೀಲದ ಮೂಲೆ ಎತ್ತಿ ಹೇಳುತ್ತಿದ್ದದ್ದೂ ಅದೇ.

ಹೊರಡುವಾಗ, ಯೋಗಿತಾಳನ್ನು ರಿಕ್ಷಾದಲ್ಲಿ ಕೂರಿಸಿ ಬಂದು, ಡಾಕ್ಟರಿಗೆ ಹಳೆಯದನ್ನು ಹೇಳಿದೆ. ಪ್ರಯಾಗಾಳ ಮೊದಲ ಬಸಿರು ತುಂಬಿದಾಗ ನೀನು ಅವಳ ಹೊಟ್ಟೆಯ ಮೇಲೆ ಕೈಯಿಟ್ಟು, "ಐದು ಕಿಲೋದ ಪೈಲವಾನ ಅದಾನ ನೋಡ್ರಿ" ಎಂದು ನಕ್ಕದ್ದು. ಎಂಟು ದಿನಕ್ಕೆ ತಲೆ ಬಂದು, ಹೆಗಲು ಸಿಕ್ಕಿಕೊಂಡದ್ದು. ಉಸಿರಿಲ್ಲದ ಮಗನನ್ನು ನನ್ನ ಕೈಗೆ ಕೊಟ್ಟಾಗ ಈ ಹಾಳು ಕೈ, ಕೇಳದಿದ್ದರೂ, ತೂಕ ಹೇಳಿಬಿಟ್ಟಿತ್ತು: ಐದಕ್ಕೆ ನೂರು ಗ್ರಾಂ ಕಡಿಮೆ. ನಾನು ನಿನ್ನ ಕಡೆ ತಿರುಗಿ, "ನಿನ್ನ ಕಣ್ಣೇ ತಿಂತು" ಎಂದೆ. ಡಾಕ್ಟರ್ ಕುರ್ಚಿ ಎಳೆದು ನನ್ನನ್ನು ಕೂರಿಸಿದರು. "ಆವಾಗ ಯಾರೂ ರಕ್ತ ನೋಡಿಲ್ಲ, ಖಾತ್ರಿ ಹೇಳಲಿಕ್ಕಾಗಲ್ಲ. ಸಕ್ರಿನೇ ಇದ್ದಿರಬೇಕು. ಕಣ್ಣಿಂದ ಕೂಸು ದಪ್ಪ ಆಗಂಗಿಲ್ಲ ಕಾಕಾ" ಎಂದರು. ಅವರು ಯಂತ್ರವಿಟ್ಟು ತೂಕ ಹೇಳಿದರೆ ನಾನು ಕೈಮುಗಿದು ಬರುತ್ತೇನೆ. ನೀನು ಕೈಯಿಟ್ಟು ಹೇಳಿದೆ, ಹೆಚ್ಚು ಕಡಿಮೆ ಸರಿಯಾಗಿಯೇ ಹೇಳಿದೆ, ನಿನಗೆ ಏನು ಕೊಟ್ಟೆ?

ಸಪ್ನಾಳಿಗೆ, ಮಕ್ಕಳಿಗೆ ಆಶೀರ್ವಾದ. ಬಸವಣ್ಣ ನಿನ್ನನ್ನು ನೂರು ವರ್ಷ ಇಟ್ಟಿರಲಿ.

ನಿನ್ನ ತಮ್ಮ,
ಕಲ್ಯಾಣಪ್ಪ

ತಾ.ಕ.: ಬರೆಯಬೇಕಾದದ್ದನ್ನು ಬರೆಯಲೇ ಇಲ್ಲ. ತಪ್ಪು ನನ್ನದು ಅಕ್ಕಾ. ಆ ಹೊತ್ತಿಗೆ ಯಾರನ್ನಾದರೂ ಬೈಯಬೇಕಿತ್ತು, ಹತ್ತಿರ ನಿಂತವಳು ನೀನು. ಇಪ್ಪತ್ತನೆಯ ತಾರೀಖು ಯೋಗಿತಾಳನ್ನು ದವಾಖಾನೆಗೆ ಸೇರಿಸಬೇಕು. ಬಾಣಂತನ ನೀನೇ ಮಾಡಬೇಕೆಂದು ಅವಳ ಹಟ. "ಅತ್ತಿ ಮೊದಲು ಬಂದು ನನ್ನ ಹೊಟ್ಟಿ ಮ್ಯಾಲ ಕೈ ಇಡ್ಲಿ, ಆಕಿ ಎಷ್ಟಂತಾಳ ಕೇಳಬೇಕು" ಎನ್ನುತ್ತಾಳೆ. ೧೬ರ ಗುರುವಾರ ಬೆಳಗಿನ ಬಸ್ಸಿಗೆ ನಾನೇ ಕರೆಯಲು ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಕಟ್ಟೆಯ ಮೇಲೆ ಕೂರುತ್ತೇನೆ. ಬಹಳ ಹೊತ್ತು ಮಾತ್ರ ಕೂರಿಸಬೇಡ. ಸಂಜೆ ಏಳಕ್ಕೆ ಅವಳ ಇನ್ಸುಲಿನ್, ಅಷ್ಟರೊಳಗೆ ನಾವಿಬ್ಬರೂ ಉಮರ್ಗಾ ಮುಟ್ಟಬೇಕು.